ಅಡಿಪಾಯಕ್ಕೂ ಮುನ್ನ: ವಾಯು ಕಾಯ್ದೆಯ 21ನೇ ಕಲಮು ಮತ್ತು ‘ಸ್ಥಾಪನಾ ಸಮ್ಮತಿ’ಯ ಮಿತಿಗಳು

1981ರ ವಾಯು ಮಾಲಿನ್ಯ ತಡೆ ಮತ್ತು ನಿಯಂತ್ರಣ ಕಾಯ್ದೆಯ ಮೂಲ ಪಾಠವನ್ನು ಇಂದು ತೆರೆದು ಓದುವವರು ಕಡಿಮೆ. ಅದರ 21ನೇ ಕಲಮು ಕಾರ್ಖಾನೆಯನ್ನು ‘ನಡೆಸಲು’ ಮಾತ್ರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪೂರ್ವ ಸಮ್ಮತಿ ಬೇಕೆಂದಿತ್ತು. ಅದೂ ಅನುಸೂಚಿಯಲ್ಲಿ ಹೆಸರಿಸಿದ ಉದ್ಯಮಗಳಿಗಷ್ಟೇ. ಕಟ್ಟುವಾಗ ಕೇಳುವವರಿರಲಿಲ್ಲ. 1984ರ ಡಿಸೆಂಬರಿನಲ್ಲಿ ಭೋಪಾಲದ ದುರಂತ ನಡೆಯಿತು. 1987ರ ತಿದ್ದುಪಡಿಯು ಅನುಸೂಚಿಯನ್ನು ಕೈಬಿಟ್ಟು, ‘ನಡೆಸುವ’ ಎಂಬುದರ ಹಿಂದೆ ‘ಸ್ಥಾಪಿಸುವ’ ಎಂಬ ಒಂದು ಪದವನ್ನು ಸೇರಿಸಿತು. ಕರ್ನಾಟಕದ ಉದ್ಯಮಿಗಳೂ ಕನ್ಸಲ್ಟೆಂಟರೂ ದಿನಬೆಳಗಾದರೆ ಆಡುವ ‘ಸಿಎಫ್‌ಇ ಆಯಿತಾ, ಸಿಎಫ್‌ಓ ಬಂತಾ’ ಎಂಬ ಮಾತಿನ ಮೊದಲರ್ಧಕ್ಕೆ, ಅಂದರೆ ಸ್ಥಾಪನಾ ಸಮ್ಮತಿಗೆ, ಗಾಳಿಯ ಮಟ್ಟಿಗೆ, ಈ ಪದವೇ ಆಧಾರ.

ಕಾಯ್ದೆ ಕೇಳುವ ಹೊತ್ತು ಸರಿಯಾಗಿದೆ, ಕೇಳುವ ಪ್ರಶ್ನೆ ಮಾತ್ರ ಸಣ್ಣದು ಎಂಬುದು ಈ ಲೇಖನದ ವಾದ.

ಹೊತ್ತು ಏಕೆ ಮುಖ್ಯ ಎಂಬುದನ್ನು ಒಂದು ಚಿಮಣಿಯಿಂದಲೇ ತಿಳಿಯಬಹುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರ ಸರಳವಾಗಿದೆ: ಗಂಟೆಗೆ ಹೊರಬೀಳುವ ಸಲ್ಫರ್ ಡೈಆಕ್ಸೈಡನ್ನು ಕಿಲೋಗ್ರಾಂನಲ್ಲಿ ಲೆಕ್ಕ ಹಾಕಿ, ಆ ಸಂಖ್ಯೆಯ 0.3ನೇ ಘಾತವನ್ನು 14ರಿಂದ ಗುಣಿಸಿದರೆ ಚಿಮಣಿಯ ಎತ್ತರ ಮೀಟರಿನಲ್ಲಿ ಸಿಗುತ್ತದೆ. ಗಂಟೆಗೆ 2 ಟನ್ ಕಲ್ಲಿದ್ದಲು ಉರಿಸುವ ಬಾಯ್ಲರ್ ಇದೆಯೆನ್ನಿ, ಕಲ್ಲಿದ್ದಲಿನಲ್ಲಿ ಶೇ. 0.5 ಗಂಧಕ. ಗಂಟೆಗೆ 10 ಕಿಲೋ ಗಂಧಕ ಉರಿದು ಸುಮಾರು 20 ಕಿಲೋ ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ಚಿಮಣಿ 34 ಮೀಟರಿಗೆ ತುಸು ಹೆಚ್ಚಿರಬೇಕು. ಮುಂದೆ ಇಂಧನ ಇಮ್ಮಡಿಯಾದರೆ ಬೇಕಾದ ಎತ್ತರ 42 ಮೀಟರ್ ದಾಟುತ್ತದೆ. ನಕಾಶೆಯ ಮೇಲೆ ಈ 8 ಮೀಟರ್ ಎಂದರೆ ಪೆನ್ಸಿಲ್ಲಿನ ಒಂದು ಗೆರೆ. ಎದ್ದು ನಿಂತ ಚಿಮಣಿಗೆ ಅಷ್ಟು ಸೇರಿಸಬೇಕೆಂದರೆ ಅಡಿಪಾಯದ ಭಾರವನ್ನೂ ಗಾಳಿಯ ಒತ್ತಡವನ್ನೂ ಮತ್ತೆ ಮೊದಲಿಂದ ಲೆಕ್ಕ ಹಾಕಬೇಕು. ಬ್ಯಾಗ್ ಫಿಲ್ಟರಿಗೂ ಇದೇ ಮಾತು: ಜಾಗ ಬಿಡದೆ ಕಟ್ಟಿದ ಶೆಡ್ಡಿನಲ್ಲಿ ಅದನ್ನು ಆಮೇಲೆ ತುರುಕಲಾಗದು. ಕಾಂಕ್ರೀಟು ಬಿದ್ದು, ಬ್ಯಾಂಕಿನ ಸಾಲಕ್ಕೆ ಬಡ್ಡಿ ಓಡತೊಡಗಿದ ಮೇಲೆ ಮಂಡಳಿಯ ಅಧಿಕಾರಿಯ ಕೈಯಲ್ಲಿ ಉಳಿಯುವುದು ಚೌಕಾಸಿ ಮಾತ್ರ.

ಆದರೆ ಇದೇ ಸೂತ್ರದಲ್ಲಿ ದೋಷವೂ ಅಡಗಿದೆ. ಎತ್ತರ ಹೆಚ್ಚಿದರೆ ಹೊಗೆ ದೂರ ಹೋಗುತ್ತದೆಯೇ ಹೊರತು ಒಂದು ಗ್ರಾಂ ಕೂಡ ಕಡಿಮೆಯಾಗುವುದಿಲ್ಲ. ಪಕ್ಕದ ಸರ್ವೆ ನಂಬರಿನಲ್ಲಿ ಇನ್ನೂ ಐದು ಚಿಮಣಿಗಳಿರುವುದು ಸೂತ್ರಕ್ಕೆ ಗೊತ್ತಿಲ್ಲ. ಅಮೆರಿಕದ ಸಂಸತ್ತು 1977ರಲ್ಲೇ ತನ್ನ ಶುದ್ಧ ವಾಯು ಕಾಯ್ದೆಗೆ 123ನೇ ಕಲಮನ್ನು ಸೇರಿಸಿ, ಎಂಜಿನಿಯರಿಂಗ್ ದೃಷ್ಟಿಯಿಂದ ಅಗತ್ಯವಿರುವಷ್ಟನ್ನು ಮೀರಿದ ಎತ್ತರವನ್ನು ಹೊರಸೂಸುವಿಕೆಯ ಮಿತಿ ನಿಗದಿ ಮಾಡುವಾಗ ಲೆಕ್ಕಕ್ಕೆ ಹಿಡಿಯಕೂಡದು ಎಂದಿತು. ನಾವು ಇನ್ನೂ ಎತ್ತರವನ್ನೇ ನೆಚ್ಚಿಕೊಂಡಿದ್ದೇವೆ.

ಎರಡನೆಯ ತೊಡಕು ಹಳೆಯ ಕಾರ್ಖಾನೆಯ ಮಾರ್ಪಾಡಿನದು. ಜಲ ಕಾಯ್ದೆಯ 25ನೇ ಕಲಮನ್ನೂ ವಾಯು ಕಾಯ್ದೆಯ 21ನೇ ಕಲಮನ್ನೂ ಅಕ್ಕಪಕ್ಕ ಇಟ್ಟು ಓದಿ. ಜಲ ಕಾಯ್ದೆ ಸ್ಥಾಪನೆಯನ್ನಷ್ಟೇ ಅಲ್ಲ, ‘ಸ್ಥಾಪನೆಯತ್ತ ಯಾವುದೇ ಹೆಜ್ಜೆ’ ಇಡುವುದನ್ನೂ, ‘ವಿಸ್ತರಣೆ ಅಥವಾ ಸೇರ್ಪಡೆ’ಯನ್ನೂ ಹೆಸರಿಸಿ ತಡೆಯುತ್ತದೆ. ವಾಯು ಕಾಯ್ದೆಯ ಕಲಮಿನಲ್ಲಿ ಈ ಎರಡೂ ಮಾತುಗಳಿಲ್ಲ. ವಿಸ್ತರಣೆಗೂ ಸಮ್ಮತಿ ಬೇಕೆಂಬುದು ಸಮ್ಮತಿಪತ್ರದ ಷರತ್ತುಗಳಿಂದ, ಮಂಡಳಿಯ ರೂಢಿಯಿಂದ ಬಂದಿದೆ. ಎಷ್ಟು ಬದಲಾದರೆ ಅದು ‘ವಿಸ್ತರಣೆ’, ಎಷ್ಟರವರೆಗೆ ಬರೀ ‘ರಿಪೇರಿ’ ಎಂಬ ಅಳತೆಗೋಲು ಕಲಮಿನಲ್ಲಿ ಕಾಣದು.

ಈ ಅಳತೆಗೋಲಿನ ಬೆಲೆ ಏನೆಂಬುದು ಅಮೆರಿಕಕ್ಕೆ ಅನುಭವದಿಂದ ಗೊತ್ತು. ಅಲ್ಲಿನ ನಿರ್ಮಾಣಪೂರ್ವ ಪರವಾನಗಿ ಹೊಸ ಸ್ಥಾವರಗಳನ್ನು ಬಿಗಿಯಾಗಿ ಹಿಡಿದು, ಹಳೆಯವನ್ನು ಮಾರ್ಪಾಡು ಆಗುವ ತನಕ ಬಿಟ್ಟುಬಿಟ್ಟಿತು. ಹಳೆಯ ಸ್ಥಾವರಗಳಿಗೆ ತೇಪೆ ಹಾಕುತ್ತ ಹೋಗುವುದೇ ಲಾಭವಾಯಿತು. ವಿಸ್ಕಾನ್ಸಿನ್ನಿನ ಪೋರ್ಟ್ ವಾಷಿಂಗ್ಟನ್ ವಿದ್ಯುತ್ ಸ್ಥಾವರದ 5 ಘಟಕಗಳು ಶುರುವಾದದ್ದು 1935ರಿಂದ 1950ರ ನಡುವೆ. ಅವುಗಳ ಸ್ಟೀಮ್ ಡ್ರಮ್ಮು, ಏರ್ ಹೀಟರುಗಳನ್ನು ಬದಲಿಸಿ ಆಯಸ್ಸು ಹೆಚ್ಚಿಸಹೊರಟ ಕಂಪನಿ ಅದನ್ನು ಮಾಮೂಲಿ ದುರಸ್ತಿ ಎಂದಿತು. 1990ರಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಗಂಟೆಯ ಹೊಗೆ ಅಷ್ಟೇ ಇದ್ದು, ಓಡುವ ಗಂಟೆಗಳು ಹೆಚ್ಚಿದರೆ ಅದು ಮಾರ್ಪಾಡೇ ಎಂಬ ತಕರಾರು ಡ್ಯೂಕ್ ಎನರ್ಜಿ ಪ್ರಕರಣದಲ್ಲಿ 2007ರವರೆಗೆ ನಡೆಯಿತು. ವರ್ಷದ ಒಟ್ಟು ಟನ್ನುಗಳನ್ನು ನೋಡುವ ನಿಯಮವನ್ನು ಅಲ್ಲಿನ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಸಲ್ಫರ್ ಡೈಆಕ್ಸೈಡಿಗೆ ಆ ನಿಯಮದ ಗೆರೆ ವರ್ಷಕ್ಕೆ 40 ಟನ್. ಗೆರೆಯ ಬಗ್ಗೆ ಜಗಳ ಇರಬಹುದು, ಆದರೆ ಗೆರೆಯಂತೂ ಇದೆ.

ಮೂರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ಊರಿನ ಗಾಳಿ. ಅಮೆರಿಕದಲ್ಲಿ ಗಾಳಿ ಈಗಾಗಲೇ ಮಾನದಂಡ ಮೀರಿರುವ ಪ್ರದೇಶಕ್ಕೆ ದೊಡ್ಡ ಕಾರ್ಖಾನೆ ಬರಬೇಕಾದರೆ, ತಾನು ಬಿಡುವಷ್ಟಕ್ಕಿಂತ ಕಡಿಮೆಯಿಲ್ಲದಷ್ಟು ಹೊಗೆ ಬೇರೆಡೆ ಇಳಿದಿರುವುದನ್ನು ತೋರಿಸಬೇಕು. ನಮ್ಮಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಈ ನಾಲ್ಕು ನಗರಗಳು ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದಡಿ ಮಾನದಂಡ ತಲುಪದವುಗಳ ಪಟ್ಟಿಯಲ್ಲಿವೆ. ಆ ಪಟ್ಟಿಗೂ 21ನೇ ಕಲಮಿಗೂ ಇಂಥ ನಂಟಿಲ್ಲ. ಪ್ರದೇಶವನ್ನು ಮೊದಲು ನೋಡುವ ಪ್ರಯೋಗ ನಮ್ಮಲ್ಲಿ ನಡೆದೇ ಇಲ್ಲವೆಂದಲ್ಲ: 2010ರ ಜನವರಿಯಲ್ಲಿ ಕೇಂದ್ರವು ಮಂಗಳೂರು ಮತ್ತು ಭದ್ರಾವತಿಯೂ ಸೇರಿ ದೇಶದ ತೀವ್ರ ಮಲಿನ ಪ್ರದೇಶಗಳಲ್ಲಿ ಹೊಸ ಪರಿಸರ ಅನುಮತಿಗಳನ್ನು ತಾತ್ಕಾಲಿಕವಾಗಿ ತಡೆಹಿಡಿಯಿತು. 2025ರ ಫೆಬ್ರವರಿಯಲ್ಲಿ ಉಕ್ಕಿನ ಕಾರ್ಖಾನೆಯ ವಿಸ್ತರಣೆಯನ್ನು ವಿರೋಧಿಸಿ ಕೊಪ್ಪಳ ಬಂದ್ ಆಯಿತು. ಗಿಣಿಗೇರಿಯ ಸುತ್ತ ಈಗಾಗಲೇ ಕಾರ್ಖಾನೆಗಳ ಸಾಲೇ ಇರುವ ಜಿಲ್ಲೆ ಅದು. ಅಲ್ಲಿನ ಹೋರಾಟವನ್ನು ಒಂದು ಚಿಮಣಿಯ ಎತ್ತರದ ತಕರಾರೆಂದು ಓದಿದರೆ ತಪ್ಪಾದೀತು.

ಇತ್ತೀಚಿನ ಎರಡು ಬೆಳವಣಿಗೆಗಳನ್ನು ಇಲ್ಲಿ ಹೇಳಲೇಬೇಕು. 2024ರ ನವೆಂಬರಿನ ಕೇಂದ್ರ ಅಧಿಸೂಚನೆಗಳ ಬಳಿಕ, ಪರಿಸರ ಅನುಮತಿ ಪಡೆದ ಉದ್ಯಮಕ್ಕೆ ಪ್ರತ್ಯೇಕ ಸ್ಥಾಪನಾ ಸಮ್ಮತಿ ಬೇಕಿಲ್ಲ. ಆ ಪರಿಸರ ಅನುಮತಿಯನ್ನಾದರೂ ಕಟ್ಟುವ ಮೊದಲೇ ಪಡೆಯಬೇಕೇ? 2025ರ ಮೇ 16ರಂದು ವನಶಕ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಟ್ಟಿದ ಮೇಲೆ ಕೊಡುವ ಅನುಮತಿ ಸಲ್ಲದು ಎಂದಿತು. ನವೆಂಬರ್ 18ರಂದು ಮೂವರು ನ್ಯಾಯಮೂರ್ತಿಗಳ ಪೀಠ 2:1 ಬಹುಮತದಿಂದ ಆ ತೀರ್ಪನ್ನು ಹಿಂಪಡೆಯಿತು. ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಭಿನ್ನಮತ ಬರೆದರು. ಕಟ್ಟಡ ಕೆಡವಿದರೆ ಹಣ ನಷ್ಟ ಎಂಬ ಬಹುಮತದ ವಾದ ಹುರುಳಿಲ್ಲದ್ದಲ್ಲ. ಆದರೆ ಆ ವಾದವನ್ನು ಒಪ್ಪಿದಷ್ಟೂ ‘ಪೂರ್ವ’ ಎಂಬ ಪದ ಸವೆಯುತ್ತದೆ, ಮತ್ತು ಮೊದಲೇ ಕೇಳಿ ಕಟ್ಟಿದವನು ಪೆದ್ದನಾಗುತ್ತಾನೆ.

ಇನ್ನು ಕೇಳುವವರು ಯಾರು? ಪರಿಸರ ಅನುಮತಿಯ ವ್ಯಾಪ್ತಿಗೆ ಬರದ ಸಣ್ಣ, ಮಧ್ಯಮ ಘಟಕಗಳಿಗೆ ಸಾರ್ವಜನಿಕ ಅಹವಾಲು ಸಭೆಯಿಲ್ಲ. 21ನೇ ಕಲಮಿನ ಪ್ರಕಾರ ಅರ್ಜಿ ಬಂದ 4 ತಿಂಗಳೊಳಗೆ ಮಂಡಳಿ ತೀರ್ಮಾನಿಸಬೇಕು. ಆ ಅವಧಿಯಲ್ಲಿ ನೆರೆಯವರನ್ನು ಕೇಳಬೇಕೆಂದು ಕಲಮು ಹೇಳುವುದಿಲ್ಲ. ಬಾಧಿತರಾದ ಯಾರೇ ಆಗಲಿ 31ನೇ ಕಲಮಿನಡಿ ಮೇಲ್ಮನವಿ ಸಲ್ಲಿಸಬಹುದು. ಅದಕ್ಕೆ 30 ದಿನಗಳ ಗಡುವಿದೆ. ಆದೇಶ ತಲುಪಿದ ದಿನದಿಂದ ಎಣಿಕೆ. ಸಮ್ಮತಿಯ ಆದೇಶವನ್ನು ಕಳುಹಿಸುವುದು ಅರ್ಜಿ ಹಾಕಿದ ಕಾರ್ಖಾನೆಗೆ.