ಗಾಡಿ ನಮ್ಮದು, ನೆಲ ಅವರದು

ಬ್ರಿಟನ್ನಿನ ಕಡಲತೀರಗಳಲ್ಲಿ ಸಾಲಾಗಿ ನಿಂತ ರಜಾ ಕ್ಯಾರವಾನ್‌ಗಳಿಗೆ ಚಕ್ರಗಳಿದ್ದರೂ ಅವು ಊರೂರು ತಿರುಗುವ ಗಾಡಿಗಳಲ್ಲ. ಕೊಳ್ಳುವವರ ಕೈಸೇರುವುದು ಗಾಡಿ ಮಾತ್ರ. ಅದು ನಿಲ್ಲುವ ತುಂಡು ನೆಲಕ್ಕೆ ವರ್ಷವರ್ಷವೂ ಬಾಡಿಗೆ ತೆರಬೇಕು. ಈ ಇಬ್ಬಗೆಯ ಒಡೆತನವನ್ನು ಕಾನೂನು ನೋಡಿದ ಬಗೆಯನ್ನು ಅರಿತರೆ, ಕರಾರುಪತ್ರ ಓದದೆ ಸಹಿ ಹಾಕುವುದು ಏಕೆ ಅಪಾಯವೆಂದು ತಿಳಿಯುತ್ತದೆ.

ಎರಡನೇ ಮಹಾಯುದ್ಧದ ನಂತರ ಮನೆಗಳ ಕೊರತೆಯಿಂದ ಅನೇಕ ಕುಟುಂಬಗಳು ಕ್ಯಾರವಾನ್‌ಗಳಲ್ಲೇ ನೆಲೆಸಿದವು. 1960ರ ಕಾಯ್ದೆ ತಾಣಗಳಿಗೆ ಪರವಾನಗಿಯನ್ನು ಕಡ್ಡಾಯ ಮಾಡಿತು. ಅದರ ಗಮನವೆಲ್ಲ ನೈರ್ಮಲ್ಯ, ಅಗ್ನಿಸುರಕ್ಷತೆ, ಗಾಡಿಗಳ ನಡುವಿನ ಅಂತರದ ಮೇಲಿತ್ತು. 1968ರ ಕಾಯ್ದೆ ಕೋರ್ಟಿನ ಆದೇಶವಿಲ್ಲದೆ ನಿವಾಸಿಗಳನ್ನು ಎಬ್ಬಿಸದಂತೆ ತಡೆಯಿತು, 1983ರದು ಅವರಿಗೆ ನೆಲೆಯ ಭದ್ರತೆ ಕೊಟ್ಟಿತು. ರಜೆಗೆಂದೇ ಪರವಾನಗಿ ಪಡೆದ ತಾಣಗಳು ಮಾತ್ರ ಈ ಎರಡೂ ರಕ್ಷಣೆಗಳ ಹೊರಗೇ ಉಳಿದವು. ಹೀಗಾಗಿ ಗಾಡಿ ಎಷ್ಟು ವರ್ಷ ನಿಲ್ಲಬಹುದು, ಬಾಡಿಗೆ ಹೇಗೆ ಏರುತ್ತದೆ, ಮಾರಿದಾಗ ತಾಣದ ಮಾಲೀಕರಿಗೆ ಎಷ್ಟು ಕಮಿಷನ್ ಎಂಬುದನ್ನೆಲ್ಲ ಮುಖ್ಯವಾಗಿ ನಿರ್ಧರಿಸುವುದು ಕರಾರೇ.

ರಜೆ ಕಳೆಯಲು ಬರುವವರಿಗೆ ಬೇರೆ ಮನೆ ಇದ್ದೇ ಇದೆ, ಅವರಿಗೇಕೆ ಭದ್ರತೆ ಎನ್ನಬಹುದು. ಅವರು ಬೀದಿಗೆ ಬೀಳುವುದಿಲ್ಲ, ನಿಜ. ಆದರೆ ನೆಲ ತಪ್ಪಿದ ಗಾಡಿಯ ಬೆಲೆ ಕುಸಿಯುತ್ತದೆ, ಹೂಡಿದ ಉಳಿತಾಯ ಕರಗುತ್ತದೆ. 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಇದೆಯಲ್ಲ ಎಂಬ ವಾದವೂ ಉಂಟು. ಅನ್ಯಾಯದ ಷರತ್ತು ಗ್ರಾಹಕರನ್ನು ಕಟ್ಟಿಹಾಕದೆಂದು ಅದು ಹೇಳುತ್ತದೆ. ಆದರೆ ಹದಿನೈದು ವರ್ಷವೆಂದು ಸ್ಪಷ್ಟವಾಗಿ ಬರೆದು ಒಪ್ಪಿದ ಅವಧಿಯನ್ನು ಅದು ಇಪ್ಪತ್ತಕ್ಕೆ ಹಿಗ್ಗಿಸದು. ಕಾನೂನು ಬಿಟ್ಟ ಜಾಗವನ್ನು ಕರಾರು ತುಂಬಿರುವಲ್ಲಿ, ಗಾಡಿಯ ಒಳಾಂಗಣಕ್ಕಿಂತ ಮೊದಲು ನೋಡಬೇಕಾದದ್ದು ಆ ಕಾಗದವನ್ನೇ.