ರಾಯಚೂರು ರೈಲು ನಿಲ್ದಾಣ ಪರಿಸರ: ಊಟೋಪಚಾರ ಮತ್ತು ಇರುಳ ವಹಿವಾಟು

ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮತ್ತು ಮದ್ರಾಸಿನಿಂದ ಬಂದ ಮದ್ರಾಸ್ ರೈಲ್ವೆ ಎಂಬ ಎರಡು ಖಾಸಗಿ ಕಂಪನಿಗಳ ಹಳಿಗಳು 1871ರಲ್ಲಿ ಕೂಡಿದ ಸ್ಥಳವೇ ರಾಯಚೂರು ನಿಲ್ದಾಣ. 1853ರ ಒಪ್ಪಂದದಂತೆ ಬ್ರಿಟಿಷರ ವಶಕ್ಕೆ ಹೋಗಿ 1860ರಲ್ಲಿ ನಿಜಾಮನಿಗೆ ಮರಳಿದ್ದ ಈ ನಾಡಿನಲ್ಲಿ ನೆಲ ಹೈದರಾಬಾದ್ ಸಂಸ್ಥಾನದ್ದಾಗಿದ್ದರೂ ಹಳಿ ಪರರಾಜ್ಯದ ಕಂಪನಿಗಳದಾಗಿತ್ತು. ನಿಲ್ದಾಣದ ಸುತ್ತಲಿನ ಊಟದ ಬೆರಕೆಗೆ ಈ ಇಬ್ಬಗೆಯ ಒಡೆತನವೂ ಒಂದು ಕಾರಣವೆನ್ನಬಹುದು.

1294ರ ಶಾಸನವನ್ನು ಹೊತ್ತ ಕೋಟೆ, 1513ರ ಏಕ್ ಮಿನಾರ್ ಮಸೀದಿ ಮತ್ತು ತೀನ್ ಕಂದೀಲ್ (ದಖನಿ ಉರ್ದುವಿನಲ್ಲಿ ಮೂರು ದೀಪ) ವೃತ್ತವಿರುವ ಹಳೆಯ ಪೇಟೆಯ ಬದುಕು ಅದರ ಪಾಡಿಗೆ ಸಾಗಿದರೆ, ಸ್ಟೇಷನ್ ರಸ್ತೆಯ ಬದುಕು ಗಾಡಿಗಳ ವೇಳೆಗೆ ಕಟ್ಟುಬಿದ್ದು ಬೆಳೆಯಿತು. ಇಲ್ಲಿ ಇರುಳ ಬದುಕೆಂದರೆ ಮೋಜಿಗಿಂತ ಹೆಚ್ಚಾಗಿ ಕಾಯುವಿಕೆ: ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಹಗಲನ್ನು ಕಳೆದು ಸಂಜೆಯ ನಂತರವೇ ಹೊರಬೀಳುವ ಜನ, ಹತ್ತಿ ಮತ್ತು ಶೇಂಗಾ ತಂದು ರಾಜೇಂದ್ರ ಗಂಜ್‌ನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ಇಳಿಸುವ ರೈತರು ಹಾಗೂ ಹಮಾಲರು, ರಾತ್ರಿಯ ಗಾಡಿಗಾಗಿ ಬಂದು ಕುಳಿತವರು ಇವರೇ ಅದರ ಗಿರಾಕಿಗಳು. ಇವರಿಗೆ ಬೇಕಾದುದು ಬೇಗ ಸಿಗುವ, ಹೊಟ್ಟೆಗೆ ನಿಲ್ಲುವ ತಿನಿಸು. ಮಂಡಾಳನ್ನು (ಮಂಡಕ್ಕಿಯನ್ನು) ನೆನೆಸಿ ಹಿಂಡಿ ಒಗ್ಗರಣೆ ಕೊಡುವ, ಪಕ್ಕದಲ್ಲಿ ಮಿರ್ಚಿ ಬಜ್ಜಿ ಇಡುವ ತಟ್ಟೆ ಈ ಬೇಡಿಕೆಗೆ ಹೇಳಿ ಮಾಡಿಸಿದಂತಿದೆ. ಗೊತ್ತಾದ ದರಕ್ಕೆ ಮನೆಯೂಟದ ಬಗೆಯ ಊಟ ಬಡಿಸುವ ಖಾನಾವಳಿಗಳಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಗಳು ದೊರೆತರೆ, ಹೈದರಾಬಾದಿನ ನಂಟು ಬಿರಿಯಾನಿಯಲ್ಲಿ, ಇರಾನಿ ಚಹಾದಲ್ಲಿ ಮತ್ತು ರಂಜಾನಿನ ರಾತ್ರಿಗಳ ಹಲೀಮಿನಲ್ಲಿ ಉಳಿದಿದೆ. ಆದರೆ ಚಹಾ ಹಳೆಯ ಪೇಯವಲ್ಲ; ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಚಹಾ ಉದ್ಯಮವು ರೈಲು ನಿಲ್ದಾಣಗಳಲ್ಲಿ ಅಂಗಡಿ ಹೂಡಿ ನಡೆಸಿದ ಪ್ರಚಾರದಿಂದಲೇ ಅದು ಭಾರತದ ಸಾಮಾನ್ಯರ ನಾಲಗೆಗೆ ಹತ್ತಿತು. ಅದೇ ಕಾಲದ ನಿಲ್ದಾಣಗಳಲ್ಲಿ ಹಿಂದೂ ಮತ್ತು ಮುಸ್ಲಿಂ ಪ್ರಯಾಣಿಕರಿಗೆ ನೀರನ್ನೂ ಬೇರೆಯಾಗಿ ಕೊಡುವ ರೂಢಿಯಿತ್ತು.

1953ರಲ್ಲಿ ನೀರು ಹರಿಸತೊಡಗಿದ ತುಂಗಭದ್ರಾ ಜಲಾಶಯದ ಎಡದಂಡೆ ಕಾಲುವೆ ಜಿಲ್ಲೆಯ ಮಾನ್ವಿ ಸೀಮೆಯಲ್ಲಿ ಭತ್ತದ ಗದ್ದೆಗಳನ್ನು ಹಬ್ಬಿಸಿ ಜೋಳದ ತಾಟಿನ ಪಕ್ಕಕ್ಕೆ ಅನ್ನವನ್ನು ತಂದಿತು. ಮಾನ್ವಿಗೂ ದೇವದುರ್ಗಕ್ಕೂ ರೈಲಿಲ್ಲದ್ದರಿಂದ ಅಲ್ಲಿಯವರು ಸುಮಾರು 50 ಕಿ.ಮೀ. ದೂರದ ರಾಯಚೂರಿಗೆ ಬಸ್ಸಿನಲ್ಲಿ ಬಂದು, ಕೊನೆಯ ಬಸ್ಸಿಗೂ ರಾತ್ರಿಯ ಗಾಡಿಗೂ ನಡುವಿನ ಹೊತ್ತನ್ನು ಸ್ಟೇಷನ್ ಬದಿಯ ಹೋಟೆಲುಗಳಲ್ಲಿ ಕಳೆಯುತ್ತಿದ್ದರು. ಮಾನ್ವಿಯ ಮೇಲೆ ಹಾಯುವ ಮುನಿರಾಬಾದ್–ಮಹಬೂಬ್‌ನಗರ ಮಾರ್ಗಕ್ಕೆ 1997–98ರಲ್ಲಿ ಮಂಜೂರಾತಿ ದೊರೆಯಿತು. ದೇವದುರ್ಗದವರು ಗಾಡಿ ಹಿಡಿಯಲು ಇಂದಿಗೂ ಬಸ್ಸನ್ನೇ ನೆಚ್ಚಿದ್ದಾರೆ.