ಕ್ಯಾಸೆಟ್ಟಿನ ಮೇಲಿನ ನಾಲ್ಕು ಮುಖಗಳು

ಅಣ್ಣ ರಜೆಗೆ ಬರುವಾಗ ಬೆಂಗಳೂರಿನಿಂದ ತಂದಿದ್ದ ಆ ಕ್ಯಾಸೆಟ್ಟಿನ ಹೊದಿಕೆಯ ಮೇಲೆ ನಾಲ್ಕು ಜನರ ಚಿತ್ರವಿತ್ತು. ಮೂವರು ಹೆಂಗಸರು, ಒಬ್ಬ ಗಂಡಸು. ಎಲ್ಲರದೂ ಮಿರಿಮಿರಿ ಮಿಂಚುವ ಬಟ್ಟೆ. 'ಬೋನಿ ಎಂ' ಎಂದು ತಂಡದ ಹೆಸರು. ಅವರ ಇಂಗ್ಲಿಷ್ ನಮಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಆದರೂ ಅಮ್ಮ ಸೊಪ್ಪು ಬಿಡಿಸುತ್ತ ಕೂತಲ್ಲೇ ಕಾಲಿನಲ್ಲಿ ತಾಳ ಹಾಕುತ್ತಿದ್ದಳು. ನಾನೂ ತಂಗಿಯೂ ಚಿತ್ರ ನೋಡಿ ದನಿಗಳನ್ನು ಹಂಚುತ್ತಿದ್ದೆವು. ಈ ಇಂಪಾದ ದನಿ ಇವಳದು, ತುಸು ಗಡಸಿನದು ಅವಳದು. ಬಾವಿಯೊಳಗಿಂದ ಬಂದಂತಿರುವ ಆ ಗಂಡುದನಿಯಂತೂ ಅವನದೇ, ಅನುಮಾನವೇ ಇಲ್ಲ. ನಮ್ಮ ಹಂಚಿಕೆ ತಪ್ಪೆಂದು ತಿಳಿದದ್ದು ಬಹಳ ವರ್ಷಗಳ ಮೇಲೆ.

ಆ ಬಾವಿಯ ದನಿ ಚಿತ್ರದಲ್ಲೇ ಇಲ್ಲದ ಒಬ್ಬನದು. ಅವನು ಫ್ರಾಂಕ್ ಫೇರಿಯನ್. 1941ರಲ್ಲಿ ಜರ್ಮನಿಯಲ್ಲಿ ಹುಟ್ಟಿದ, ಅಡಿಗೆಯ ಕೆಲಸ ಕಲಿತು ಹಾಡಿನ ಹುಚ್ಚಿಗೆ ಬಿದ್ದ ಮನುಷ್ಯ. 1970ರ ದಶಕದ ನಡುವಿನಲ್ಲಿ ಸ್ಟುಡಿಯೋದಲ್ಲಿ ಕೂತು ಒಂದು ಕುಣಿತದ ಹಾಡು ಮಾಡಿದ. ತಗ್ಗಿನ ದನಿಯೂ ಅವನದೇ, ಹೆಣ್ಣಿನಂಥ ಮೇಲಿನ ದನಿಯೂ ಅವನದೇ. ಆಸ್ಟ್ರೇಲಿಯಾದ ಟಿವಿ ಧಾರಾವಾಹಿಯೊಂದರ ಪತ್ತೇದಾರನ ಹೆಸರು ಹಿಡಿಸಿತೆಂದು 'ಬೋನಿ ಎಂ' ಎಂದು ಹೆಸರಿಟ್ಟ. ಹಾಲೆಂಡ್, ಬೆಲ್ಜಿಯಂಗಳಲ್ಲಿ ಹಾಡು ಓಡಿತು. ತಂಡವನ್ನು ಟಿವಿಗೆ ಕರೆಯತೊಡಗಿದರು. ತಂಡವೆಲ್ಲಿದೆ? ಮದುವೆ ಗೊತ್ತುಮಾಡಿ ಆಮೇಲೆ ಹುಡುಗಿ ಹುಡುಕಿದಂತೆ, ಹಾಡಿಗೆ ಮುಖಗಳನ್ನು ಹುಡುಕಬೇಕಾಯಿತು.

1976ರ ಹೊತ್ತಿಗೆ ನಾಲ್ವರು ಸೇರಿದರು. ಜಮೈಕಾದ ಲಿಜ್ ಮಿಚೆಲ್ ಮತ್ತು ಮಾರ್ಸಿಯಾ ಬ್ಯಾರೆಟ್, ಮಾಂಟ್ಸೆರಾಟ್ ಎಂಬ ಪುಟ್ಟ ದ್ವೀಪದ ಮೇಸಿ ವಿಲಿಯಮ್ಸ್, ಅರೂಬಾ ದ್ವೀಪದ ಬಾಬಿ ಫ್ಯಾರೆಲ್. ಎಲ್ಲರೂ ಕೆರಿಬಿಯನ್ ಸಮುದ್ರದವರು. ಮೂವರು ಹೆಂಗಸರೂ ಎಳವೆಯಲ್ಲೇ ಇಂಗ್ಲೆಂಡಿಗೆ ಬಂದವರು; ಲಿಜ್‌ಗೆ ಆಗ ಹನ್ನೊಂದು ವರ್ಷ. ಮಹಾಯುದ್ಧದ ನಂತರ ದುಡಿಮೆ ಹುಡುಕಿಕೊಂಡು ಹೋದ ಸಾವಿರಾರು ಸಂಸಾರಗಳ ಸಾಲಿನವರು.

ಅದೇ ವರ್ಷ 'ಡ್ಯಾಡಿ ಕೂಲ್' ಜರ್ಮನಿಯಲ್ಲಿ ಮೊದಲ ಸ್ಥಾನಕ್ಕೇರಿತು. 1977ರಲ್ಲಿ 'ಮಾ ಬೇಕರ್' ಬಂತು. 1978 ಅವರ ಸುಗ್ಗಿಯ ವರ್ಷ. 'ರಿವರ್ಸ್ ಆಫ್ ಬ್ಯಾಬಿಲಾನ್' ಬ್ರಿಟನ್ನಿನಲ್ಲಿ ಐದು ವಾರ ಮೊದಲ ಸ್ಥಾನದಲ್ಲಿತ್ತು. ಅಲ್ಲೊಂದರಲ್ಲೇ ಸುಮಾರು 20 ಲಕ್ಷ ಪ್ರತಿ ಖರ್ಚಾಯಿತು. ಕ್ರಿಸ್ಮಸ್ಸಿಗೆ ಬಂದ ಇನ್ನೊಂದು ಹಾಡೂ ಮೊದಲ ಸ್ಥಾನ ಹಿಡಿಯಿತು. ಡಿಸೆಂಬರಿನಲ್ಲಿ ತಂಡ ಮಾಸ್ಕೋಗೆ ಹೋಗಿ ಹಾಡಿತು. ಶೀತಲಸಮರದ ಕಾಲದಲ್ಲಿ ಅದೊಂದು ಸೋಜಿಗ. 'ರಾಸ್‌ಪುಟಿನ್' ಹಾಡನ್ನು ಮಾತ್ರ ಅಲ್ಲಿ ಹಾಡುವಂತಿರಲಿಲ್ಲ.

'ಬ್ಯಾಬಿಲಾನ್' ಹಾಡು ಮೂಲದಲ್ಲಿ ಜಮೈಕಾದ ಮೆಲೋಡಿಯನ್ಸ್ ತಂಡದ್ದು, 1970ರದು. ಅದರ ಬೇರು ಇನ್ನೂ ಹಿಂದೆ, ಬೈಬಲ್ಲಿನ 137ನೆಯ ಕೀರ್ತನೆಯಲ್ಲಿದೆ. ಸೆರೆಯಾಗಿ ಪರದೇಶ ಸೇರಿದವರು ಹೊಳೆಯ ದಂಡೆಯಲ್ಲಿ ಕೂತು ಅಳುತ್ತಾರೆ. ಸೆರೆಹಿಡಿದವರು ನಿಮ್ಮ ಊರಿನ ಹಾಡು ಹಾಡಿ ಎನ್ನುತ್ತಾರೆ. ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದ ಗುಲಾಮರ ಸಂತತಿಗೆ ಅದು ತಮ್ಮದೇ ಕಥೆಯಾಯಿತು. ನಾವು ಅದಕ್ಕೆ ಅಂಗಳದಲ್ಲಿ ಕುಣಿಯುತ್ತಿದ್ದೆವು! ಆ ರೆಕಾರ್ಡಿನ ಇನ್ನೊಂದು ಮಗ್ಗುಲಲ್ಲಿದ್ದದ್ದು ಕೆರಿಬಿಯನ್ ಹುಡುಗಿಯರು ಸುತ್ತುಗಟ್ಟಿ ನಿಂತು, ನಡುವೆ ಒಬ್ಬಳನ್ನು ಕುಣಿಸುವ ಆಟದ ಹಾಡು. ಇಳಿಯುತ್ತಿದ್ದ ರೆಕಾರ್ಡನ್ನು ಆ ಮಕ್ಕಳ ಹಾಡೇ ಮತ್ತೆ ಎರಡನೆಯ ಸ್ಥಾನಕ್ಕೆ ಎತ್ತಿತು.

ಇಷ್ಟೆಲ್ಲ ಹಾಡಿದವರು ಯಾರು? ರೆಕಾರ್ಡುಗಳಲ್ಲಿ ಹೆಣ್ಣುದನಿ ಲಿಜ್ ಮತ್ತು ಮಾರ್ಸಿಯಾರದು, ಗಂಡುದನಿ ಫೇರಿಯನ್ನನದು. ಮೇಸಿ ಮತ್ತು ಬಾಬಿಯ ದನಿ ಅವುಗಳಲ್ಲಿ ಇರಲೇ ಇಲ್ಲ. ಫೇರಿಯನ್ ಇದನ್ನು ತಾನೇ ಹೇಳಿಕೊಂಡ.

'ಇದರಲ್ಲೇನು ತಪ್ಪು, ನಮ್ಮ ಸಿನಿಮಾದಲ್ಲೂ ಹಾಗೇ ಅಲ್ಲವೇ' ಎಂದು ನೀವು ಕೇಳಬಹುದು. ನಿಜ, ಪಿ.ಬಿ. ಶ್ರೀನಿವಾಸ್ ಹಾಡಿದ್ದಕ್ಕೆ ರಾಜ್‌ಕುಮಾರ್ ತುಟಿಯಾಡಿಸಿದರೆ ನಮಗೆ ಮೋಸ ಎನ್ನಿಸಲಿಲ್ಲ. ಎಸ್. ಜಾನಕಿ ಎಷ್ಟು ನಾಯಕಿಯರಿಗೆ ದನಿಯಾದರೋ! ಆದರೆ ಪರದೆಯ ಮೇಲೆ ಅವರ ಹೆಸರು ಬರುತ್ತಿತ್ತು, ರೇಡಿಯೋದಲ್ಲಿ ಹಾಡಿಗೆ ಮೊದಲು ಅವರ ಹೆಸರು ಹೇಳುತ್ತಿದ್ದರು. ದನಿ ಕೊಟ್ಟವರಿಗೂ ಮುಖ ಕೊಟ್ಟವರಿಗೂ ಅವರವರ ಮರ್ಯಾದೆ ಸಲ್ಲುತ್ತಿತ್ತು. ಮುಚ್ಚಿಟ್ಟಾಗಲೇ ಅದು ಮೋಸವಾಗುವುದು.

ಫೇರಿಯನ್ ಆ ಗೆರೆಯನ್ನೂ ದಾಟಿದ. 'ಮಿಲಿ ವನಿಲಿ' ಎಂಬ ಮತ್ತೊಂದು ಜೋಡಿಯನ್ನು ಕಟ್ಟಿದ. 1990ರಲ್ಲಿ ಅವರಿಗೆ ಗ್ರ್ಯಾಮಿ ಪ್ರಶಸ್ತಿ ಬಂತು. ಅವರಿಬ್ಬರೂ ರೆಕಾರ್ಡಿನಲ್ಲಿ ಹಾಡಿಯೇ ಇಲ್ಲವೆಂದು ಹೊರಬಿದ್ದು ಅದೇ ವರ್ಷ ಪ್ರಶಸ್ತಿ ಹಿಂದಕ್ಕೆ ಹೋಯಿತು. ಅವಮಾನ ತಿಂದವರು ಆ ಇಬ್ಬರು ಹುಡುಗರು. ಕಟ್ಟಿದವನು 2024ರಲ್ಲಿ ತೀರಿಕೊಳ್ಳುವವರೆಗೂ ದೊಡ್ಡ ನಿರ್ಮಾಪಕನಾಗಿಯೇ ಉಳಿದ.

'ಬೋನಿ ಎಂ' 1986ರಲ್ಲಿ ಒಡೆಯಿತು. ಆಮೇಲೆ ಒಬ್ಬೊಬ್ಬರೂ ತಮ್ಮದೇ 'ಬೋನಿ ಎಂ' ಕಟ್ಟಿಕೊಂಡು ಊರೂರು ತಿರುಗಿದರು. ಹೆಸರು ಯಾರದೆಂದು ವ್ಯಾಜ್ಯಗಳೂ ನಡೆದವು. ಮಾರ್ಸಿಯಾ ಮತ್ತೆ ಮತ್ತೆ ಬಂದ ಕ್ಯಾನ್ಸರನ್ನು ಎದುರಿಸಿ ಮತ್ತೆ ವೇದಿಕೆ ಹತ್ತಿದಳು, ಆತ್ಮಕಥೆ ಬರೆದಳು. ಬಾಬಿ 2010ರ ಡಿಸೆಂಬರ್ 30ರಂದು ಸೇಂಟ್ ಪೀಟರ್ಸ್‌ಬರ್ಗಿನ ಹೋಟೆಲಿನಲ್ಲಿ ತೀರಿಕೊಂಡ. ರಾಸ್‌ಪುಟಿನ್ ಸತ್ತದ್ದೂ ಅದೇ ಊರಿನಲ್ಲಿ, 1916ರ ಅದೇ ತಾರೀಖಿನಂದು.

ಹಾಡದ ಬಾಬಿಯನ್ನು ಸುಳ್ಳನೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಆ ಬಾವಿಯ ದನಿಗೆ ಕೈಕಾಲು ಕೊಟ್ಟವನು ಅವನೇ. ಅವನು ಹಾಗೆ ಮೈಮರೆತು ಕುಣಿಯದಿದ್ದರೆ ಸ್ಟುಡಿಯೋದ ಹಾಡು ಸ್ಟುಡಿಯೋದಲ್ಲೇ ಉಳಿಯುತ್ತಿತ್ತೇನೋ.

2021ರಲ್ಲಿ 'ರಾಸ್‌ಪುಟಿನ್' ಹೊಸ ವೇಷದಲ್ಲಿ ಮತ್ತೆ ಬಂತು. ತಂಗಿಯ ಮಗಳು ಮೊಬೈಲಿನಲ್ಲಿ ಹಚ್ಚಿ, ಹಳೆಯ ವೀಡಿಯೋ ತೋರಿಸಿ, "ದೊಡ್ಡಮ್ಮ, ಹಾಡ್ತಿರೋನು ಇವನೇನಾ?" ಎಂದಳು. ನಾನು ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಐದು ಹೆಸರು ಹೇಳಿದೆ: ಲಿಜ್, ಮಾರ್ಸಿಯಾ, ಮೇಸಿ, ಬಾಬಿ, ಮತ್ತೆ ಚಿತ್ರದಲ್ಲಿಲ್ಲದ ಆ ಒಬ್ಬ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ತಂಗಿ ನಕ್ಕಳು. ಅವಳ ಕಾಲು, ಅಮ್ಮನದರ ಹಾಗೆಯೇ, ತಾಳ ಹಾಕುತ್ತಿತ್ತು.